ಶೋಧವನ್ನೇ ಕತ್ತರಿಸಿದ ಚಿತ್ರ: ಆರನೆಯ ಹ್ಯಾರಿ ಪಾಟರ್ ಬಗ್ಗೆ ಒಂದು ಚರ್ಚೆ

ನಡುರಾತ್ರಿಯ ಓದುಗ:

ಮೊದಲಿಗೆ ಒಂದು ಸೂಚನೆ. ಕಾದಂಬರಿಯ ಗುಟ್ಟುಗಳೂ ಚಿತ್ರದ ಗುಟ್ಟುಗಳೂ ಇಲ್ಲಿ ಬಯಲಾಗುತ್ತವೆ. ಓದದವರು, ನೋಡದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಜೆ. ಕೆ. ರೌಲಿಂಗ್ ಅವರ ‘ಹ್ಯಾರಿ ಪಾಟರ್ ಅಂಡ್ ದಿ ಹಾಫ್-ಬ್ಲಡ್ ಪ್ರಿನ್ಸ್’ ಕಾದಂಬರಿ 2005ರ ಜುಲೈನಲ್ಲಿ ಪ್ರಕಟವಾಯಿತು. ಡೇವಿಡ್ ಯೇಟ್ಸ್ ನಿರ್ದೇಶನದ ಚಿತ್ರ 2008ರ ನವೆಂಬರ್‌ನಲ್ಲಿ ಬರಬೇಕಿತ್ತು, ಮುಂದೂಡಿಕೆಯಾಗಿ 2009ರ ಜುಲೈನಲ್ಲಿ ತೆರೆಕಂಡಿತು. ಎರಡೂವರೆ ಗಂಟೆಯ ಈ ಚಿತ್ರವನ್ನು ಇತ್ತೀಚೆಗೆ ಮತ್ತೊಮ್ಮೆ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಪುಸ್ತಕದಲ್ಲಿದ್ದದ್ದು ಚಿತ್ರದಲ್ಲಿಲ್ಲ ಎಂಬ ಗೊಣಗಾಟ ಹಳೆಯದು, ನನಗೆ ಅದರಲ್ಲಿ ಆಸಕ್ತಿಯೂ ಇಲ್ಲ. ಮೂವತ್ತು ಅಧ್ಯಾಯಗಳ ದಪ್ಪ ಪುಸ್ತಕ ತೆರೆಗೆ ಬರುವಾಗ ಕತ್ತರಿ ಆಡಲೇಬೇಕು. ನನ್ನ ತಕರಾರೆಲ್ಲ ಆ ಕತ್ತರಿ ಆಡಿದ ಜಾಗದ ಬಗ್ಗೆ.

ಈ ಕಾದಂಬರಿಯ ಬೆನ್ನೆಲುಬು ಒಂದು ಪತ್ತೇದಾರಿ ಶೋಧ. ಹಾಗ್ವರ್ಟ್ಸ್ ಎಂಬ ಮಾಂತ್ರಿಕರ ಶಾಲೆಯ ಮುಖ್ಯಸ್ಥ ಡಂಬಲ್‌ಡೋರ್ ವರ್ಷವಿಡೀ ಹ್ಯಾರಿಯನ್ನು ತಮ್ಮ ಕೋಣೆಗೆ ಕರೆಸಿಕೊಂಡು, ಬೇರೆ ಬೇರೆಯವರಿಂದ ಸಂಗ್ರಹಿಸಿದ ನೆನಪುಗಳನ್ನು ಒಂದೊಂದಾಗಿ ತೋರಿಸುತ್ತಾರೆ. ಟಾಮ್ ರಿಡಲ್ ಎಂಬ ಹುಡುಗ ಹ್ಯಾರಿಯ ಪರಮಶತ್ರು ವೋಲ್ಡೆಮಾರ್ಟ್ ಆದದ್ದು ಹೇಗೆ, ಯಾವ ವಸ್ತುಗಳ ಮೇಲೆ ಅವನ ಕಣ್ಣಿತ್ತು, ಏಕಿತ್ತು ಎಂಬುದನ್ನು ಓದುಗನೂ ಹ್ಯಾರಿಯ ಜೊತೆಯಲ್ಲೇ ಕೂತು ಬಿಡಿಸುತ್ತಾನೆ. ಮೊದಲ ನೆನಪಿನಲ್ಲೇ ಬರುವ ಗಾಂಟ್ ಕುಟುಂಬದ ಮನೆಯನ್ನು ನೆನಪಿಸಿಕೊಳ್ಳಿ: ಬಾಗಿಲಿಗೆ ಮೊಳೆ ಹೊಡೆದು ನೇತುಹಾಕಿದ ಸತ್ತ ಹಾವು, ಕೊಳಕು ಕಲ್ಲಿನ ಗೋಡೆಯ ಬಣ್ಣಕ್ಕೇ ಹೊಂದಿಕೊಂಡ ಹರಕಲು ಬೂದು ಉಡುಪಿನಲ್ಲಿ ಮೂಲೆಯಲ್ಲಿ ನಿಂತ ಮೆರೋಪಿ, ತನ್ನದು ಶಾಲೆಯ ಸ್ಥಾಪಕರಲ್ಲೊಬ್ಬನಾದ ಸ್ಲಿದರಿನ್‌ನ ವಂಶವೆಂದು ಸರ್ಕಾರಿ ಅಧಿಕಾರಿಗೆ ಸಾಬೀತುಪಡಿಸಲು ಮಗಳ ಕೊರಳಿನ ಸರಪಳಿಯನ್ನೇ ಹಿಡಿದು ಎಳೆದು ಲಾಕೆಟ್ ತೋರಿಸುವ ತಂದೆ ಮಾರ್ವೋಲೊ. ಉಸಿರು ಕಟ್ಟಿ ಒದ್ದಾಡುವ ಆ ಹುಡುಗಿಯೇ ವೋಲ್ಡೆಮಾರ್ಟ್‌ನ ತಾಯಿ. ಗಂಡ ಬಿಟ್ಟುಹೋದ ಮೇಲೆ, ತುಂಬು ಗರ್ಭಿಣಿಯಾಗಿ, ಅವಳು ಅದೇ ಲಾಕೆಟ್ಟನ್ನು ಲಂಡನ್ನಿನ ಅಂಗಡಿಯೊಂದಕ್ಕೆ ಬರಿಯ ಹತ್ತು ಗ್ಯಾಲಿಯನ್ ನಾಣ್ಯಕ್ಕೆ ಮಾರುತ್ತಾಳೆ. ಮುಂದೆ ಅದು ಹೆಪ್‌ಝಿಬಾ ಸ್ಮಿತ್ ಎಂಬ ಶ್ರೀಮಂತ ವೃದ್ಧೆಯ ಕೈ ಸೇರುತ್ತದೆ. ಆಕೆ ಅದರ ಜೊತೆಗೆ ಶಾಲೆಯ ಇನ್ನೊಬ್ಬ ಸ್ಥಾಪಕಿ ಹಫಲ್‌ಪಫ್‌ಳ ಬಟ್ಟಲನ್ನೂ ತರುಣ ರಿಡಲ್‌ಗೆ ಹೆಮ್ಮೆಯಿಂದ ತೋರಿಸುತ್ತಾಳೆ; ಎರಡು ದಿನಗಳಲ್ಲಿ ಆಕೆ ಸತ್ತಿರುತ್ತಾಳೆ.

ಚಿತ್ರದಲ್ಲಿ ಈ ಪೈಕಿ ಯಾವುದೂ ಇಲ್ಲ. ಉಳಿದದ್ದು ಅನಾಥಾಲಯದ ನೆನಪು ಮತ್ತು ಅಧ್ಯಾಪಕ ಸ್ಲಗ್‌ಹಾರ್ನ್‌ನ ನೆನಪಿನ ಎರಡು ರೂಪಗಳು, ಅಂದರೆ ತಿದ್ದಿದ್ದು ಮತ್ತು ನಿಜವಾದದ್ದು. ಇಷ್ಟೇ ಆಗಿದ್ದರೆ ಸಮಯದ ಅಭಾವ ಎಂದು ಸುಮ್ಮನಾಗಬಹುದಿತ್ತು. ಆದರೆ ಚಿತ್ರದ ಡಂಬಲ್‌ಡೋರ್, ಹಾರ್‌ಕ್ರಕ್ಸ್ (ಸಾವನ್ನು ತಪ್ಪಿಸಿಕೊಳ್ಳಲು ಆತ್ಮದ ತುಣುಕನ್ನು ಬಚ್ಚಿಟ್ಟ ವಸ್ತು) ಯಾವುದು ಬೇಕಾದರೂ ಆಗಿರಬಹುದು, ಒಂದು ಉಂಗುರ, ಒಂದು ಪುಸ್ತಕ, ಹೀಗೆ ತೀರಾ ಸಾಮಾನ್ಯ ವಸ್ತುವೂ ಆಗಿರಬಹುದು ಎಂಬರ್ಥದ ಮಾತಾಡುತ್ತಾರೆ. ಕಾದಂಬರಿಯ ತರ್ಕ ಇದಕ್ಕೆ ನೇರ ವಿರುದ್ಧವಾದದ್ದು. ವೋಲ್ಡೆಮಾರ್ಟ್ ತನ್ನ ಆತ್ಮದ ತುಣುಕನ್ನು ಕಂಡಕಂಡ ಡಬ್ಬಿಯಲ್ಲಿ ಇಡುವವನಲ್ಲ. ಅನಾಥಾಲಯದಲ್ಲಿದ್ದಾಗಲೇ ಬೇರೆ ಮಕ್ಕಳಿಂದ ಕಿತ್ತುಕೊಂಡ ವಸ್ತುಗಳನ್ನು ವಿಜಯದ ಗುರುತುಗಳಂತೆ ಬಚ್ಚಿಡುತ್ತಿದ್ದ ಹುಡುಗ ದೊಡ್ಡವನಾದ ಮೇಲೆ ಹಾಗ್ವರ್ಟ್ಸ್ ಸ್ಥಾಪಕರ ಆಸ್ತಿಯನ್ನೇ ಹುಡುಕಿಕೊಂಡು ಹೋಗುತ್ತಾನೆ. ಶತ್ರುವಿನ ಈ ಅಹಂಕಾರವೇ ಅವನನ್ನು ಹಿಡಿಯಲು ಇರುವ ಏಕೈಕ ಸುಳಿವು. ಆ ಸುಳಿವನ್ನು ಅಳಿಸಿಹಾಕಿದ ಮೇಲೆ ಹ್ಯಾರಿಯ ಕೈಗೆ ಗುರುಗಳು ಕೊಟ್ಟುಹೋದದ್ದೇನು ಎಂಬ ಪ್ರಶ್ನೆಗೆ ಚಿತ್ರದಲ್ಲಿ ನನಗೆ ಉತ್ತರ ಸಿಗಲಿಲ್ಲ.

ಬಾಲ್ಕನಿ ಟಿಕೆಟ್:

ಓದುಗರೇ, ನಾನು ಚಿತ್ರವನ್ನು ಮೊದಲು ನೋಡಿ, ಪುಸ್ತಕವನ್ನು ಆಮೇಲೆ ಓದಿದವನು. ಆದ್ದರಿಂದ ನನ್ನ ಅಳತೆಗೋಲು ಬೇರೆಯಿರಬಹುದು. ನೆನಪಿನ ಪಾತ್ರೆಯೊಳಗೆ ಒಬ್ಬ ಹುಡುಗನೂ ಒಬ್ಬ ಮುದುಕರೂ ಆರೇಳು ಸಲ ಇಳಿದು, ಮೂಲೆಯಲ್ಲಿ ನಿಂತು, ಬೇರೆಯವರ ಮಾತು ಕೇಳಿಸಿಕೊಂಡು, ಮೇಲೆ ಬಂದು, ಕುರ್ಚಿಯಲ್ಲಿ ಕುಳಿತು ಅದನ್ನು ಚರ್ಚಿಸುವುದು ಪುಟದ ಮೇಲೆ ರೋಚಕವಾಗಿರುತ್ತದೆ ನಿಜ. ತೆರೆಯ ಮೇಲೆ ಅದೇ ಕ್ರಮ ಆರು ಸಲ ಪುನರಾವರ್ತನೆಯಾದರೆ ಪ್ರೇಕ್ಷಕ ಮೊಬೈಲು ತೆಗೆಯುತ್ತಾನೆ.

ಚಿತ್ರ ಮಾಡಿದ ಒಳ್ಳೆಯ ಕೆಲಸಗಳನ್ನೂ ನೀವು ಹೇಳಬೇಕಿತ್ತು. ಬ್ರೂನೊ ಡೆಲ್ಬೊನೆಲ್ ಅವರ ಛಾಯಾಗ್ರಹಣಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿದ್ದು ಸುಮ್ಮನೆ ಅಲ್ಲ. ಇಡೀ ಶಾಲೆಯೇ ಹಳೆಯ ಫೋಟೋ ಒಂದರೊಳಗೆ ಮಂಕಾಗುತ್ತಿರುವಂತೆ ಕಾಣುತ್ತದೆ, ಮುಂದೆ ಸಾವು ಕಾದಿದೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ. ಜಿಮ್ ಬ್ರಾಡ್‌ಬೆಂಟ್ ಅವರ ಸ್ಲಗ್‌ಹಾರ್ನ್, ಹ್ಯಾರಿಯ ತಾಯಿ ಲಿಲಿ ತನಗೆ ಕೊಟ್ಟಿದ್ದ ಮೀನಿನ ಕಥೆ ಹೇಳುವ ದೃಶ್ಯ ಕಾದಂಬರಿಯಲ್ಲಿಲ್ಲ. ನೀರಿನಲ್ಲಿ ತೇಲುತ್ತಿದ್ದ ಹೂವಿನ ಎಸಳು ಮುಳುಗಿ ಮೀನಾಗುತ್ತದೆ. ಒಂದು ದಿನ ನೋಡಿದರೆ ಗಾಜಿನ ಬಟ್ಟಲು ಬರಿದಾಗಿರುತ್ತದೆ, ಅಂದು ಲಿಲಿ ಸತ್ತ ದಿನ. ಚಿತ್ರಕಥೆ ಬರೆದ ಸ್ಟೀವ್ ಕ್ಲೋವ್ಸ್ ಅವರ ಈ ಸೇರ್ಪಡೆ ಮೂಲಕ್ಕಿಂತ ಒಂದು ಕೈ ಮೇಲು ಎಂದೇ ನನ್ನ ಅಭಿಪ್ರಾಯ.

ಇನ್ನು ಹ್ಯಾರಿಯ ಸಹಪಾಠಿ ಡ್ರಾಕೋ ಮ್ಯಾಲ್‌ಫಾಯ್, ವೋಲ್ಡೆಮಾರ್ಟ್‌ನ ಆಜ್ಞೆಯಂತೆ ಡಂಬಲ್‌ಡೋರ್ ಅವರನ್ನು ಕೊಲ್ಲಬೇಕಾದ ಹುಡುಗ. ಕಾದಂಬರಿಯಲ್ಲಿ ಅವನು ಏನು ಮಾಡುತ್ತಿದ್ದಾನೆಂಬುದನ್ನು ನಾವು ಹ್ಯಾರಿಯ ಅನುಮಾನದ ಮೂಲಕವಷ್ಟೇ ತಿಳಿಯುತ್ತೇವೆ. ಚಿತ್ರ ನಮ್ಮನ್ನು ಅವನ ಒಂಟಿತನದೊಳಗೇ ಕರೆದೊಯ್ಯುತ್ತದೆ. ವಸ್ತುಗಳನ್ನು ಬೇರೆಡೆಗೆ ಸಾಗಿಸುವ ಮಾಯಾ ಬೀರುವಿನೊಳಗೆ ಇಟ್ಟ ಸೇಬು ಕಚ್ಚಿದ ಗುರುತಿನೊಂದಿಗೆ ಹಿಂತಿರುಗುತ್ತದೆ, ಆಮೇಲೆ ಕಳುಹಿಸಿದ ಬಿಳಿಯ ಹಕ್ಕಿ ಸತ್ತು ಹಿಂತಿರುಗುತ್ತದೆ. ಆ ಹಕ್ಕಿಯನ್ನು ನೋಡಿ ಟಾಮ್ ಫೆಲ್ಟನ್ ಅಳುವಾಗ ಅಲ್ಲಿ ಒಂದು ಮಾತೂ ಇಲ್ಲ.

ನಡುರಾತ್ರಿಯ ಓದುಗ:

ಡ್ರಾಕೋ ವಿಷಯದಲ್ಲಿ ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ, ಮೀನಿನ ಕಥೆಯ ವಿಷಯದಲ್ಲೂ. ಆರೂ ನೆನಪುಗಳನ್ನು ಇಡಬೇಕಿತ್ತೆಂದು ನಾನು ಹೇಳಿಲ್ಲ. ಗಾಂಟ್ ಮನೆಯದೊಂದು, ಹೆಪ್‌ಝಿಬಾ ಸ್ಮಿತ್‌ಳದೊಂದು ಇದ್ದಿದ್ದರೆ ಸಾಕಿತ್ತು. ಹತ್ತು ನಿಮಿಷದ ಮಾತು.

ಆ ಹತ್ತು ನಿಮಿಷ ಇರಲಿಲ್ಲವೇ? ಇತ್ತು. ಅದನ್ನು ‘ಬರೋ’ ಎಂಬ ಮನೆಯ ಮೇಲಿನ ದಾಳಿಗೆ ಕೊಟ್ಟರು. ಕ್ರಿಸ್‌ಮಸ್ ರಾತ್ರಿ ವೋಲ್ಡೆಮಾರ್ಟ್ ಕಡೆಯ ಬೆಲಾಟ್ರಿಕ್ಸ್ ಮತ್ತು ತೋಳಮಾನವ ಗ್ರೇಬ್ಯಾಕ್ ಬಂದು ಹ್ಯಾರಿಯ ಗೆಳೆಯ ರಾನ್‌ನ ಕುಟುಂಬವಾದ ವೀಸ್ಲಿಗಳ ಮನೆಯ ಸುತ್ತ ಬೆಂಕಿಯ ಬೇಲಿ ಹಾಕುತ್ತಾರೆ, ಹ್ಯಾರಿ ಆಳೆತ್ತರದ ಜೊಂಡಿನೊಳಗೆ ಅವರ ಬೆನ್ನಟ್ಟುತ್ತಾನೆ, ರಾನ್‌ನ ತಂಗಿ ಜಿನ್ನಿ ಅವನ ಹಿಂದೆ ಓಡುತ್ತಾಳೆ, ಕೊನೆಗೆ ಮನೆ ಹೊತ್ತಿ ಉರಿಯುತ್ತದೆ. ಕಾದಂಬರಿಯಲ್ಲಿ ಇದರ ಸುಳಿವೂ ಇಲ್ಲ. ಇಲ್ಲದಿರುವುದು ತಪ್ಪಲ್ಲ, ಇದರಿಂದ ಏನೂ ಆಗದಿರುವುದು ತಪ್ಪು. ದಾಳಿ ಮಾಡಿದವರು ಏಕೆ ಬಂದರು, ಹ್ಯಾರಿ ಕೈಗೆ ಸಿಕ್ಕಿದ್ದರೂ ಏಕೆ ಬಿಟ್ಟು ಹೋದರು ಎಂದು ಕೇಳಿದರೆ ಉತ್ತರವಿಲ್ಲ. ಉರಿದುಹೋದ ಮನೆ ಮುಂದಿನ ಚಿತ್ರದಲ್ಲಿ ಮದುವೆಗೆ ಸಜ್ಜಾಗಿ ನಿಂತಿರುತ್ತದೆ.

ಇದೇ ಕ್ರಿಸ್‌ಮಸ್‌ನಲ್ಲಿ ಕಾದಂಬರಿಯೊಳಗೆ ನಡೆಯುವುದು ಹೊಸ ಮಂತ್ರಿ ಸ್ಕ್ರಿಮ್‌ಜರ್‌ನ ಭೇಟಿ. ಆತ ಹ್ಯಾರಿಯನ್ನು ತೋಟಕ್ಕೆ ಕರೆದೊಯ್ದು, ಆಗಾಗ ಮಂತ್ರಾಲಯದ ಕಡೆ ಬಂದುಹೋಗು, ಸರ್ಕಾರದ ಜೊತೆ ನೀನಿದ್ದೀಯ ಎಂದು ಜನರಿಗೆ ಧೈರ್ಯ ಬರಲಿ ಎನ್ನುತ್ತಾನೆ. ಹ್ಯಾರಿ ತನ್ನ ಕೈಯ ಹಿಂಭಾಗವನ್ನು ಎತ್ತಿ ತೋರಿಸುತ್ತಾನೆ. ಹಿಂದಿನ ವರ್ಷ ಅದೇ ಸರ್ಕಾರ ಕಳುಹಿಸಿದ್ದ ಉಪಾಧ್ಯಾಯಿನಿ, ‘ನಾನು ಸುಳ್ಳು ಹೇಳಬಾರದು’ ಎಂಬ ವಾಕ್ಯವನ್ನು ಅವನ ರಕ್ತದಲ್ಲೇ ಬರೆಸಿದ್ದಳಲ್ಲ, ಆ ಗಾಯದ ಕಲೆ ಅಲ್ಲಿ ಇನ್ನೂ ಇರುತ್ತದೆ. ಬೆಂಕಿಯಿಲ್ಲ, ಓಟವಿಲ್ಲ, ಆದರೂ ಹದಿನಾರರ ಹುಡುಗನೊಬ್ಬ ಅಧಿಕಾರಕ್ಕೆ ಇಲ್ಲ ಎನ್ನುವ ದೃಶ್ಯ ಅದು. ಇಬ್ಬರು ನಟರು, ಒಂದು ಹಿಮದ ತೋಟ, ಇಷ್ಟರಲ್ಲೇ ಚಿತ್ರೀಕರಿಸಬಹುದಿತ್ತು.

ಶರಾವತಿಯ ದಂಡೆ:

ಇಬ್ಬರ ವಾದವನ್ನೂ ಓದಿದೆ. ನನ್ನ ಮಟ್ಟಿಗೆ ಈ ಚಿತ್ರದ ದೊಡ್ಡ ಸೋಲು ಗೋಪುರದ ದೃಶ್ಯ. ಅದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗುತ್ತದೆ, ಸಹಿಸಿಕೊಳ್ಳಿ.

ಕಾದಂಬರಿಯಲ್ಲಿ ಹ್ಯಾರಿಯ ಜೊತೆ ಹಾರ್‌ಕ್ರಕ್ಸ್ ಹುಡುಕಿ ಹೋಗಿದ್ದ ಗುಹೆಯಿಂದ ಹಿಂತಿರುಗಿದ ಡಂಬಲ್‌ಡೋರ್ ನಿಲ್ಲಲೂ ಶಕ್ತಿಯಿಲ್ಲದ ಸ್ಥಿತಿಯಲ್ಲಿರುತ್ತಾರೆ. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಕೇಳಿದ ಕ್ಷಣ ಅವರು ಬಾಯಿಬಿಡದೆ ಒಂದು ಮಂತ್ರ ಪ್ರಯೋಗಿಸಿ, ಅದೃಶ್ಯ ನಿಲುವಂಗಿಯ ಅಡಿಯಲ್ಲಿದ್ದ ಹ್ಯಾರಿಯನ್ನು ಗೋಡೆಗೆ ಒರಗಿದ ಮರದ ಕೊರಡಿನಂತೆ ನಿಶ್ಚಲಗೊಳಿಸುತ್ತಾರೆ. ಆ ಒಂದು ಕ್ಷಣವನ್ನು ಹ್ಯಾರಿಗಾಗಿ ವ್ಯಯಿಸಿದ್ದರಿಂದಲೇ ತಮ್ಮನ್ನು ರಕ್ಷಿಸಿಕೊಳ್ಳುವ ಅವಕಾಶವನ್ನು ಕಳೆದುಕೊಳ್ಳುತ್ತಾರೆ. ಡ್ರಾಕೋ ಅವರ ಮಂತ್ರದಂಡವನ್ನು ಹಾರಿಸಿಬಿಡುತ್ತಾನೆ. ಮುಂದಿನದ್ದೆಲ್ಲವನ್ನೂ ಹ್ಯಾರಿ ನೋಡುತ್ತಾನೆ, ಕೇಳುತ್ತಾನೆ, ಕಿರುಚಲೂ ಆಗದೆ ನಿಂತಿರುತ್ತಾನೆ. ಶಾಲೆಯ ಅಧ್ಯಾಪಕನೇ ಆದ ಸ್ನೇಪ್ ಬರುತ್ತಾನೆ, ಡಂಬಲ್‌ಡೋರ್ ಅವರನ್ನು ಕೊಲ್ಲುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ಹ್ಯಾರಿಗೆ ತನ್ನ ಕೈಕಾಲು ಆಡುತ್ತಿರುವುದು ಗೊತ್ತಾಗುತ್ತದೆ. ಮಂತ್ರ ಹಾಕಿದವರು ಸತ್ತರೆ ಮಾತ್ರ ಅದು ತಾನಾಗಿ ಬಿಟ್ಟುಹೋಗಲು ಸಾಧ್ಯವೆಂದು ಅವನು ಬಲ್ಲ. ಆದ್ದರಿಂದ ಗೋಪುರದ ಬುಡದಲ್ಲಿ ಗುರುಗಳ ದೇಹ ಕಾಣುವ ಮೊದಲೇ ಅವನಿಗೆ ಎಲ್ಲವೂ ತಿಳಿದಿರುತ್ತದೆ. ತನ್ನ ದೇಹಕ್ಕೆ ಮರಳಿದ ಚಲನೆಯೇ ಗುರುವಿನ ಸಾವಿನ ಸುದ್ದಿಯಾಗುವ ಇಂಥ ಸಂದರ್ಭವನ್ನು ನಾನು ಬೇರೆಲ್ಲೂ ಓದಿಲ್ಲ.

ಚಿತ್ರದಲ್ಲಿ ಡಂಬಲ್‌ಡೋರ್ ಹ್ಯಾರಿಗೆ ಕೆಳಗಿನ ಅಂತಸ್ತಿನಲ್ಲಿ ಅಡಗಿಕೊಳ್ಳಲು, ಏನೇ ಆದರೂ ಹೊರಬರದಿರಲು ಹೇಳುತ್ತಾರೆ. ಹ್ಯಾರಿ ಹಲಗೆಗಳ ಸಂದಿಯಿಂದ ಮೇಲೆ ನೋಡುತ್ತಾ ನಿಂತಿರುತ್ತಾನೆ; ಕೈಕಾಲು ಸರಿಯಾಗಿವೆ, ಮಂತ್ರದಂಡ ಕೈಯಲ್ಲಿದೆ. ಹಿಂದಿನಿಂದ ಬಂದ ಸ್ನೇಪ್ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಎನ್ನುತ್ತಾನೆ, ಹುಡುಗ ಸುಮ್ಮನಾಗುತ್ತಾನೆ. ಕ್ರಿಸ್‌ಮಸ್‌ನಿಂದ ಈಚೆಗೆ ಸ್ನೇಪ್ ಮತ್ತು ಡ್ರಾಕೋ ಏನೋ ಸಂಚು ಹೂಡಿದ್ದಾರೆಂದು ಕಂಡವರಿಗೆಲ್ಲ ಹೇಳುತ್ತಾ ಬಂದ ಹ್ಯಾರಿ ಇವನೇ ಏನು? ಐದು ಪುಸ್ತಕಗಳುದ್ದಕ್ಕೂ ಯಾರ ಅಪ್ಪಣೆಗೂ ಕಾಯದೆ ನುಗ್ಗಿದವನು, ಗುರು ನಿರಾಯುಧರಾಗಿ ಐದಾರು ಜನರ ನಡುವೆ ನಿಂತಿರುವಾಗ ಆಜ್ಞೆಯನ್ನು ಪಾಲಿಸುತ್ತಾ ಕೆಳಗೆ ನಿಂತ ಎಂದರೆ ಪಾತ್ರವೇ ಮುರಿದುಬೀಳುತ್ತದೆ. ಕಾದಂಬರಿಯಲ್ಲಿ ಇದ್ದದ್ದು ಅಸಹಾಯಕತೆ, ಚಿತ್ರದಲ್ಲಿ ಉಳಿದದ್ದು ವಿಧೇಯತೆ.

ಅದಾದ ಮೇಲೆ ಹಂತಕರ ಗುಂಪು ಊಟದ ಸಭಾಂಗಣದ ಮೂಲಕ ನಡೆದುಹೋಗುತ್ತದೆ. ಬೆಲಾಟ್ರಿಕ್ಸ್ ಮೇಜಿನ ಮೇಲೆ ನಡೆದು ಪಾತ್ರೆಗಳನ್ನು ಒದೆಯುತ್ತಾಳೆ, ಕಿಟಕಿಗಳು ಪುಡಿಯಾಗುತ್ತವೆ, ಆದರೆ ಇಷ್ಟು ದೊಡ್ಡ ಶಾಲೆಯಲ್ಲಿ ಎದುರು ನಿಲ್ಲುವವರು ಒಬ್ಬರೂ ಇಲ್ಲ. ಕಾದಂಬರಿಯಲ್ಲಿ ರಾನ್, ಜಿನ್ನಿ, ನೆವಿಲ್, ಲುಪಿನ್, ಟಾಂಕ್ಸ್ ಎಲ್ಲರೂ ಕತ್ತಲ ಮೊಗಸಾಲೆಗಳಲ್ಲಿ ಹೋರಾಡುತ್ತಿರುತ್ತಾರೆ. ಹ್ಯಾರಿ ಹೊರಡುವ ಮುನ್ನ ತನ್ನ ಪಾಲಿನ ಅದೃಷ್ಟದ ಮದ್ದನ್ನು ಗೆಳೆಯರಿಗೆ ಬಿಟ್ಟುಹೋಗಿರುತ್ತಾನೆ, ಅದರ ಬಲದಿಂದಲೇ ಅವರು ಬದುಕಿ ಉಳಿಯುತ್ತಾರೆ.

ಹಳೇ ಟಾಕೀಸು:

ಶರಾವತಿಯವರೇ, ಯುದ್ಧ ಬಿಟ್ಟದ್ದಕ್ಕೆ ಕೊನೆಯ ಕಥೆಯಲ್ಲಿ ಇದೇ ಕಟ್ಟಡದೊಳಗೆ ಬರುವ ದೊಡ್ಡ ಯುದ್ಧದ ಪುನರಾವರ್ತನೆ ಆಗಬಾರದೆಂಬ ಕಾರಣವನ್ನು ಚಿತ್ರ ಮಾಡಿದವರು ಆಗಲೇ ಹೇಳಿದ್ದರು. ಅದು ಒಪ್ಪತಕ್ಕ ಕಾರಣ ಎಂದು ನನಗನ್ನಿಸುತ್ತದೆ.

ಸ್ನೇಪ್ ಬೆರಳಿಡುವ ಕ್ಷಣವನ್ನು ನೀವು ತುಸು ಆತುರದಲ್ಲಿ ತಳ್ಳಿಹಾಕಿದ್ದೀರಿ ಎಂದೂ ಅನ್ನಿಸಿತು. ವರ್ಷವಿಡೀ ಡಂಬಲ್‌ಡೋರ್ ಹೇಳುತ್ತಿದ್ದದ್ದು ಒಂದೇ ಮಾತು: ನಾನು ಸ್ನೇಪ್‌ನನ್ನು ನಂಬುತ್ತೇನೆ, ನೀನೂ ನಂಬು. ಹ್ಯಾರಿ ಒಂದೇ ಒಂದು ಸಲ, ಬೇರೆ ದಾರಿಯಿಲ್ಲದೆ, ಗುರುವಿನ ಮಾತಿಗೆ ಬೆಲೆ ಕೊಟ್ಟು ಆ ಮನುಷ್ಯನನ್ನು ನಂಬುತ್ತಾನೆ. ಅದೇ ಗಳಿಗೆಯಲ್ಲಿ ಮೋಸಹೋಗುತ್ತಾನೆ. ಕಾದಂಬರಿಯಲ್ಲಿ ಹ್ಯಾರಿ ಸ್ನೇಪ್‌ನನ್ನು ಎಂದೂ ನಂಬಿರುವುದಿಲ್ಲವಾದ್ದರಿಂದ ಅಲ್ಲಿ ವಂಚನೆಯಾಗುವುದು ಡಂಬಲ್‌ಡೋರ್‌ಗೆ ಮಾತ್ರ. ಚಿತ್ರದಲ್ಲಿ ಇಬ್ಬರಿಗೂ ಆಗುತ್ತದೆ. ಅಲನ್ ರಿಕ್‌ಮನ್ ಅವರ ಮುಖವನ್ನು ಆ ಹೊತ್ತಿನಲ್ಲಿ ಇನ್ನೊಮ್ಮೆ ನೋಡಿ. ಕೊನೆಯ ಕಥೆಯ ರಹಸ್ಯ (ಸ್ನೇಪ್ ನಿಜಕ್ಕೂ ಡಂಬಲ್‌ಡೋರ್ ಪರ ಇದ್ದವನು) ಗೊತ್ತಿದ್ದು ನೋಡಿದರೆ, ಆ ಬೆರಳು ಹ್ಯಾರಿಯ ಪ್ರಾಣ ಉಳಿಸಲು ಎತ್ತಿದ್ದು ಎಂಬುದೂ ತಿಳಿಯುತ್ತದೆ.

ಶರಾವತಿಯ ದಂಡೆ:

ನಿಮ್ಮ ವ್ಯಾಖ್ಯಾನ ಚೆನ್ನಾಗಿದೆ, ಸರ್. ಚಿತ್ರ ಆ ವ್ಯಾಖ್ಯಾನಕ್ಕೆ ತಕ್ಕಂತೆ ಮುಂದೆ ನಡೆದುಕೊಂಡಿದ್ದರೆ ಒಪ್ಪಿಬಿಡುತ್ತಿದ್ದೆ. ತಾನು ನಂಬಿ ಸುಮ್ಮನಿದ್ದದ್ದರಿಂದ ಗುರು ಸತ್ತರು ಎಂಬ ಹೊರೆ ಹ್ಯಾರಿಯ ಮೇಲೆ ಬೀಳಬೇಕಿತ್ತಲ್ಲವೇ? ಅವನು ಆ ಬಗ್ಗೆ ಯಾರ ಹತ್ತಿರವೂ ಒಂದು ಮಾತಾಡುವುದಿಲ್ಲ, ಆ ಚಿತ್ರದಲ್ಲೂ ಇಲ್ಲ, ಮುಂದಿನ ಎರಡರಲ್ಲೂ ಇಲ್ಲ.

ಯುದ್ಧದ ವಿಷಯದಲ್ಲಿ ನೀವು ಹೇಳಿದ ಕಾರಣ ನನಗೂ ಗೊತ್ತು. ಪುನರಾವರ್ತನೆಯ ಭಯವಿದ್ದವರು ಬರೋವನ್ನು ಸುಡುವಾಗ ಹಿಂಜರಿಯಲಿಲ್ಲವೇಕೆ ಎಂಬುದು ನನ್ನ ಪ್ರಶ್ನೆ. ರಾನ್‌ನ ಅಣ್ಣ ಬಿಲ್ ವೀಸ್ಲಿಯ ಗಾಯವಂತೂ ಪೂರ್ತಿ ಮರೆಯಾಯಿತು. ಗ್ರೇಬ್ಯಾಕ್ ಕಚ್ಚಿದ ಬಿಲ್‌ನ ಮುಖ ಗುರುತು ಸಿಗದಷ್ಟು ಹರಿದುಹೋಗಿರುತ್ತದೆ, ಇನ್ನು ಈ ಸುಂದರಿ ಮದುವೆಗೆ ಒಲ್ಲೆ ಎನ್ನುತ್ತಾಳೆಂದು ಅವನ ತಾಯಿ ಕಣ್ಣೀರಿಡುತ್ತಾರೆ, ಆಗ ಬಿಲ್‌ನನ್ನು ಮದುವೆಯಾಗಲಿರುವ ಫ್ಲರ್ ಸಿಡಿದೆದ್ದು, ನಮ್ಮಿಬ್ಬರಿಗೂ ಸಾಕಾಗುವಷ್ಟು ಚೆಲುವು ನನ್ನಲ್ಲೇ ಇದೆ ಎನ್ನುತ್ತಾಳೆ. ಅತ್ತೆ ಸೊಸೆಯರು ಅಲ್ಲಿಯತನಕ ಒಬ್ಬರನ್ನೊಬ್ಬರು ಸಹಿಸದವರು. ಮರುಕ್ಷಣವೇ ತಬ್ಬಿಕೊಂಡು ಅಳುತ್ತಾರೆ. ಕಾದಂಬರಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಪುಟ ಅದು.

ಪುಸ್ತಕದ ಕಪಾಟು:

ಚಿತ್ರಕ್ಕೆ ‘ಹಾಫ್-ಬ್ಲಡ್ ಪ್ರಿನ್ಸ್’ ಎಂಬ ಆ ರಾಜಕುಮಾರನ ಹೆಸರಿಟ್ಟು, ಅವನ ಬಗ್ಗೆಯೇ ಏನೂ ಹೇಳದಿರುವುದನ್ನು ಯಾರೂ ಇನ್ನೂ ಎತ್ತಿಲ್ಲ. ಹಳೆಯ ಪಠ್ಯಪುಸ್ತಕದ ಅಂಚಿನಲ್ಲಿ ಟಿಪ್ಪಣಿ ಬರೆದವನು ಯಾರು ಎಂಬ ಕುತೂಹಲ ಕಾದಂಬರಿಯ ಉದ್ದಕ್ಕೂ ಇದೆ. ಹ್ಯಾರಿ ಆ ಅಪರಿಚಿತನನ್ನು ಬಹುಮಟ್ಟಿಗೆ ಗೆಳೆಯನಂತೆಯೇ ಕಾಣುತ್ತಾನೆ, ಯಾವ ಅಧ್ಯಾಪಕರಿಂದಲೂ ಕಲಿಯದಷ್ಟನ್ನು ಅವನಿಂದ ಕಲಿಯುತ್ತಾನೆ. ಹ್ಯಾರಿಯ ಗೆಳತಿ ಹರ್ಮೈನಿ ಗ್ರಂಥಾಲಯದ ಹಳೆಯ ಪತ್ರಿಕೆಗಳನ್ನು ಜಾಲಾಡಿ ಐಲೀನ್ ಪ್ರಿನ್ಸ್ ಎಂಬ ಹೆಸರನ್ನು ಹುಡುಕಿ ತೆಗೆಯುತ್ತಾಳೆ. ಆಕೆ ಸ್ನೇಪ್‌ನ ತಾಯಿ, ತಂದೆ ಮಂತ್ರ ಬಲ್ಲವನಲ್ಲ; ಆದ್ದರಿಂದ ಅವನು ಅರೆರಕ್ತದ ‘ಪ್ರಿನ್ಸ್’. ಚಿತ್ರದಲ್ಲಿ ಸ್ನೇಪ್ ಓಡುವ ದಾರಿಯಲ್ಲಿ ನಿಂತು, ಆ ರಾಜಕುಮಾರ ನಾನೇ ಎಂದು ಹೇಳಿ ಹೊರಟುಹೋಗುತ್ತಾನೆ. ನನ್ನ ಪಕ್ಕದಲ್ಲಿ ಕುಳಿತು ನೋಡುತ್ತಿದ್ದ, ಪುಸ್ತಕ ಓದಿರದ ನನ್ನ ತಂಗಿ, ‘ಅದಕ್ಕೇನೀಗ?’ ಎಂದಳು. ಅವಳ ಪ್ರಶ್ನೆ ನ್ಯಾಯವಾಗಿಯೇ ಇತ್ತು.

ಅದೇ ಪುಸ್ತಕದ ಇನ್ನೊಂದು ಎಳೆಯೂ ತುಂಡಾಗಿದೆ. ಅಂಚಿನಲ್ಲಿ ಬರೆದಿದ್ದ ಮಂತ್ರವೊಂದನ್ನು ಅದರ ಅರ್ಥ ತಿಳಿಯದೆ ಪ್ರಯೋಗಿಸಿ ಹ್ಯಾರಿ ಸ್ನಾನದ ಕೋಣೆಯಲ್ಲಿ ಡ್ರಾಕೋನನ್ನು ಸಾಯುವಷ್ಟು ಗಾಯಗೊಳಿಸುತ್ತಾನೆ. ಚಿತ್ರದಲ್ಲಿ ಆ ದೃಶ್ಯ ಭೀಕರವಾಗಿಯೇ ಬಂದಿದೆ, ನೆಲದ ನೀರಿನಲ್ಲಿ ರಕ್ತ ಹರಡುವುದನ್ನು ಮರೆಯಲಾಗುವುದಿಲ್ಲ. ಆದರೆ ಆಮೇಲೆ? ಸ್ನೇಪ್ ಬಂದು ಗಾಯ ವಾಸಿಮಾಡುತ್ತಾನೆ, ಅಲ್ಲಿಗೆ ಮುಗಿಯಿತು. ಸಹಪಾಠಿಯನ್ನು ಕೊಲ್ಲುವ ಹಂತಕ್ಕೆ ಹೋದ ಹುಡುಗನಿಗೆ ಯಾವ ಶಿಕ್ಷೆಯೂ ಇಲ್ಲ. ಕಾದಂಬರಿಯ ಸ್ನೇಪ್ ಅವನನ್ನು ಪ್ರತಿ ಶನಿವಾರ ಕೂರಿಸಿಕೊಂಡು, ಹಳೆಯ ಅಪರಾಧಗಳ ಕಾರ್ಡುಗಳನ್ನು ನಕಲು ಮಾಡಿಸುತ್ತಾನೆ. ಆ ಕಾರ್ಡುಗಳ ಮೇಲಿರುವುದು ಹ್ಯಾರಿಯ ಸತ್ತ ತಂದೆ ಮತ್ತು ಆತನ ಸತ್ತ ಗೆಳೆಯ ಸಿರಿಯಸ್ ವಿದ್ಯಾರ್ಥಿಗಳಾಗಿದ್ದಾಗ ಮಾಡಿದ ಕಿಡಿಗೇಡಿತನಗಳ ದಾಖಲೆ. ಸ್ನೇಪ್‌ನ ಕ್ರೌರ್ಯ ಎಷ್ಟು ನುಣುಪಾದದ್ದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಡೀ ಸರಣಿಯಲ್ಲಿಲ್ಲ.

ಮಂತ್ರದ ಪುಸ್ತಕವನ್ನು ಬಚ್ಚಿಡುವ ಪ್ರಸಂಗ ಇನ್ನೂ ಮುಖ್ಯ. ಕಾದಂಬರಿಯಲ್ಲಿ ಹ್ಯಾರಿ ಒಬ್ಬನೇ ಓಡಿಹೋಗಿ ಅದನ್ನು ಬೀರುವೊಂದರಲ್ಲಿ ತುರುಕುತ್ತಾನೆ, ಆಮೇಲೆ ಜಾಗ ಮರೆಯದಿರಲೆಂದು ಬೀರುವಿನ ಮೇಲೆ ಮುದುಕನೊಬ್ಬನ ವಿಕಾರವಾದ ಕಲ್ಲಿನ ತಲೆಯನ್ನಿಟ್ಟು, ಅದರ ಮೇಲೆ ಧೂಳು ಹಿಡಿದ ಕೃತಕ ಕೂದಲನ್ನೂ ಬಣ್ಣಗೆಟ್ಟ ಒಂದು ಕಿರೀಟವನ್ನೂ ಇಡುತ್ತಾನೆ. ಆ ಕಿರೀಟ ಶಾಲೆಯ ಮತ್ತೊಬ್ಬ ಸ್ಥಾಪಕಿ ರೇವನ್‌ಕ್ಲಾಳದು, ಹಾರ್‌ಕ್ರಕ್ಸ್‌ಗಳಲ್ಲಿ ಒಂದು. ಓದುಗನ ಕಣ್ಣೆದುರಿಗೇ ಅದು ಒಂದು ಇಡೀ ಪುಸ್ತಕದಷ್ಟು ಕಾಲ ಕುಳಿತಿರುತ್ತದೆ. ಚಿತ್ರದಲ್ಲಿ ಜಿನ್ನಿ ಅವನಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಮುತ್ತಿಟ್ಟು, ಪುಸ್ತಕವನ್ನು ಎಲ್ಲೋ ಅಡಗಿಸಿ ಹೊರಟುಹೋಗುತ್ತಾಳೆ. ಒಂದು ಮುತ್ತಿಗಾಗಿ ಲೇಖಕಿ ಅಷ್ಟು ಜಾಣತನದಿಂದ ನೆಟ್ಟಿದ್ದ ಸುಳಿವನ್ನು ಕಿತ್ತೆಸೆದರು. ಆ ಮುತ್ತಾದರೂ ಚೆನ್ನಾಗಿದೆಯೇ ಎಂದರೆ ಅದೂ ಇಲ್ಲ. ಕ್ವಿಡಿಚ್ ಪಂದ್ಯ ಗೆದ್ದ ಸಂಭ್ರಮದಲ್ಲಿ ಜಿನ್ನಿ ಓಡಿಬಂದಾಗ, ಐವತ್ತು ಜನ ನೋಡುತ್ತಿದ್ದಾರೆಂಬ ಪರಿವೆಯೇ ಇಲ್ಲದೆ ಹ್ಯಾರಿ ಮುತ್ತಿಡುವ ಮೂಲದ ಪ್ರಸಂಗದಲ್ಲಿದ್ದ ಜೀವ ಇದರಲ್ಲಿಲ್ಲ.

ಬಾಲ್ಕನಿ ಟಿಕೆಟ್:

ಕಿರೀಟದ ವಿಷಯ ನನಗೆ ಹೊಳೆದೇ ಇರಲಿಲ್ಲ, ಕಪಾಟಿನವರೇ. ಕೊನೆಯ ಚಿತ್ರದಲ್ಲಿ ಹ್ಯಾರಿ ಹಾರ್‌ಕ್ರಕ್ಸ್‌ಗಳ ಸದ್ದನ್ನು ಕೇಳಿಸಿಕೊಂಡು ಅವುಗಳ ಜಾಗ ಪತ್ತೆಹಚ್ಚುವುದೇಕೆ ಎಂದು ಆಗ ತಲೆಕೆಡಿಸಿಕೊಂಡಿದ್ದೆ. ನೆನಪಿಟ್ಟುಕೊಳ್ಳಲು ಅವನ ಬಳಿ ಏನೂ ಇಲ್ಲದ್ದರಿಂದ ಅವನಿಗೆ ಕಿವಿ ಕೊಟ್ಟಿದ್ದಾರೆ ಎಂದಾಯಿತು.

ನಡುರಾತ್ರಿಯ ಓದುಗ:

ಅದೇ ನಾನು ಹೇಳಬೇಕೆಂದಿದ್ದದ್ದು. ಆರನೆಯ ಚಿತ್ರದ ಕತ್ತರಿಯ ಸಾಲ ಏಳನೆಯದರ ತಲೆಗೆ ಬಿದ್ದಿದೆ. ಸ್ಕ್ರಿಮ್‌ಜರ್‌ನನ್ನು ಇಲ್ಲಿ ಬಿಟ್ಟದ್ದರಿಂದ ಮುಂದಿನ ಚಿತ್ರ ಅವನ ಮುಖದೊಂದಿಗೇ ಆರಂಭವಾಗುತ್ತದೆ. ಯಾರಿವನು ಎಂದು ಪ್ರೇಕ್ಷಕ ಯೋಚಿಸುವಷ್ಟರಲ್ಲಿ ಅವನ ಸಾವಿನ ಸುದ್ದಿ ಬರುತ್ತದೆ. ಬಿಲ್ ವೀಸ್ಲಿ ಆ ಚಿತ್ರದಲ್ಲಿ ಹ್ಯಾರಿಗೆ ತನ್ನ ಪರಿಚಯ ತಾನೇ ಮಾಡಿಕೊಂಡು, ತನ್ನ ಮುಖದ ಗಾಯ ಯಾರಿಂದಾಯಿತೆಂದು ಒಂದೇ ಉಸಿರಿನಲ್ಲಿ ಹೇಳಬೇಕಾಗುತ್ತದೆ. ಹ್ಯಾರಿಯ ಕೈಯಲ್ಲಿರುವ ಕನ್ನಡಿಯ ಚೂರು ಎಲ್ಲಿಂದ ಬಂತೆಂದು ಹೇಳುವವರಿಲ್ಲ (ಅದು ಐದನೆಯ ಚಿತ್ರದ ಬಾಕಿ, ಇದರದ್ದಲ್ಲ). ಬಟ್ಟಲು ಬ್ಯಾಂಕಿನ ಖಜಾನೆಯಲ್ಲಿ ಸಿಕ್ಕಾಗ ಕಾದಂಬರಿ ಓದಿದವನಿಗೆ ಹೆಪ್‌ಝಿಬಾ ಸ್ಮಿತ್ ನೆನಪಾಗುತ್ತಾಳೆ. ಓದದವನಿಗೆ ಅದು ಹೊಳೆಯುವ ಒಂದು ಪಾತ್ರೆ ಅಷ್ಟೇ.

ಅವಕಾಶವಿತ್ತು ಎಂಬುದೇ ನನ್ನ ಕೊರಗು. ಕೊನೆಯ ಕಾದಂಬರಿಯನ್ನು ಎರಡು ಚಿತ್ರಗಳಾಗಿ ಮಾಡುವ ನಿರ್ಧಾರ 2008ರ ಮಾರ್ಚ್‌ನಲ್ಲೇ ಪ್ರಕಟವಾಗಿತ್ತು, ಆಗ ಈ ಚಿತ್ರ ಇನ್ನೂ ತಯಾರಿಕೆಯಲ್ಲಿತ್ತು. ಏಳನೆಯ ಕಾದಂಬರಿಯೂ 2007ರಲ್ಲೇ ಬಂದಿತ್ತಾದ್ದರಿಂದ ಯಾವ ವಸ್ತು ಮುಂದೆ ಬೇಕಾಗುತ್ತದೆ ಎಂಬುದು ಎಲ್ಲರಿಗೂ ತಿಳಿದಿತ್ತು. ಮೂರನೆಯ, ನಾಲ್ಕನೆಯ ಚಿತ್ರಗಳನ್ನು ಮಾಡಿದವರಿಗೆ ಇಲ್ಲದಿದ್ದ ಅನುಕೂಲ ಅದು.

ಹಳೇ ಟಾಕೀಸು:

ಕಾದಂಬರಿಕಾರರೂ ನಿರ್ದೇಶಕರೂ ಮುನಿಸಿಕೊಳ್ಳುವುದು ನಮಗೇನೂ ಹೊಸದಲ್ಲ. 1972ರಲ್ಲಿ ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದುಗೂಡಿಸಿ ‘ನಾಗರಹಾವು’ ಮಾಡಿದಾಗ, ಚಿತ್ರ ನೋಡಿದ ಲೇಖಕರು ನಾಗರಹಾವನ್ನು ಕೇರೆಹಾವು ಮಾಡಿದರೆಂದು ಬೇಸರಿಸಿದ ಕಥೆಯನ್ನು ಕೇಳದ ಕನ್ನಡಿಗರು ಕಡಿಮೆ. ಆದರೂ ರಾಮಾಚಾರಿ ಜನರ ಮನಸ್ಸಿನಲ್ಲಿ ನಿಂತ. ಅಲ್ಲಿ ಪುಟ್ಟಣ್ಣನವರಿಗೆ ತಾವು ಯಾವ ಕಥೆ ಹೇಳುತ್ತಿದ್ದೇವೆ ಎಂಬುದು ಖಚಿತವಾಗಿತ್ತು, ಚಾಮಯ್ಯ ಮೇಷ್ಟ್ರು ಮತ್ತು ಶಿಷ್ಯನ ಕಥೆ ಅದು. ಯೇಟ್ಸ್ ಅವರ ಚಿತ್ರದಲ್ಲಿ ನನಗೆ ಕಾಣದ್ದು ಆ ಖಚಿತತೆ. ರಾನ್ ಮತ್ತು ಲ್ಯಾವೆಂಡರ್ ಪ್ರೇಮಪ್ರಸಂಗ ನಗಿಸುತ್ತದೆ, ಗುಹೆಯ ದೃಶ್ಯ ನಡುಗಿಸುತ್ತದೆ, ಡ್ರಾಕೋ ಅಳಿಸುತ್ತಾನೆ. ಬಿಡಿಬಿಡಿಯಾಗಿ ಎಲ್ಲವೂ ಚೆನ್ನ. ಶರಾವತಿಯವರ ಜೊತೆ ವಾದ ಮಾಡಿದರೂ ಇಷ್ಟನ್ನು ಒಪ್ಪುತ್ತೇನೆ.

ಶವಸಂಸ್ಕಾರವನ್ನು ಬಿಟ್ಟದ್ದಕ್ಕೆ ಮಾತ್ರ ನನ್ನ ಬೇಸರವಿಲ್ಲ. ಕಾದಂಬರಿಯಲ್ಲಿ ಸರೋವರದಿಂದ ಮತ್ಸ್ಯಜನರು ತಲೆಯೆತ್ತುತ್ತಾರೆ, ಕಾಡಿನಂಚಿನಿಂದ ಕುದುರೆಮನುಷ್ಯರು ಬಾಣ ಬಿಡುತ್ತಾರೆ, ಬಿಳಿಯ ಸಮಾಧಿ ಏಳುತ್ತದೆ. ಚಿತ್ರದಲ್ಲಿ ಅಂಗಳದಲ್ಲಿ ನಿಂತವರೆಲ್ಲ ಒಬ್ಬೊಬ್ಬರಾಗಿ ಮಂತ್ರದಂಡದ ಬೆಳಕನ್ನು ಮೇಲೆತ್ತಿ, ವೋಲ್ಡೆಮಾರ್ಟ್ ಕಡೆಯವರು ಆಕಾಶದಲ್ಲಿ ಮೂಡಿಸಿದ್ದ ತಲೆಬುರುಡೆಯ ಗುರುತನ್ನು ಕರಗಿಸುತ್ತಾರೆ. ಅಧ್ಯಾಪಕಿ ಮಿನರ್ವಾ ಮೆಗಾನಗಲ್ ಮೊದಲು ದಂಡ ಎತ್ತುವಾಗ ಯಾರೂ ಮಾತಾಡುವುದಿಲ್ಲ. ಅಷ್ಟು ಸಾಕಿತ್ತು.

ಹೊಸ ಸದಸ್ಯೆ:

ಎಲ್ಲರಿಗೂ ನಮಸ್ಕಾರ. ಚಿತ್ರಗಳನ್ನಷ್ಟೇ ನೋಡಿರುವ ನನ್ನ ಮಗ ಈಗ ಪುಸ್ತಕ ಓದಲು ಹಟ ಹಿಡಿದಿದ್ದಾನೆ. ಎಚ್‌ಬಿಒ ಸಂಸ್ಥೆ 2023ರಲ್ಲಿ ಘೋಷಿಸಿದ ಧಾರಾವಾಹಿಯಲ್ಲಿ ಒಂದು ಪುಸ್ತಕಕ್ಕೆ ಒಂದು ಸರಣಿಯಂತೆ ಬರುತ್ತದೆಯಂತೆ, ಆದರೆ ಆರನೆಯ ಪುಸ್ತಕದ ಸರದಿ ಬರುವಷ್ಟರಲ್ಲಿ ಅವನು ಕಾಲೇಜು ಮುಗಿಸಿರುತ್ತಾನೆ. ಇಡೀ ಪುಸ್ತಕ ಓದುವ ತಾಳ್ಮೆ ಸದ್ಯಕ್ಕೆ ಅವನಿಗಿಲ್ಲ. ಚಿತ್ರದಲ್ಲಿ ಬಿಟ್ಟುಹೋದ ಶೋಧದ ಭಾಗ ಯಾವ ಅಧ್ಯಾಯಗಳಲ್ಲಿ ಸಿಗುತ್ತದೆ ಎಂದು ದಯವಿಟ್ಟು ತಿಳಿಸುತ್ತೀರಾ?

ನಡುರಾತ್ರಿಯ ಓದುಗ:

ನಮಸ್ಕಾರ, ಮೇಡಂ. ಹತ್ತನೆಯ ಅಧ್ಯಾಯದಿಂದ ಆರಂಭಿಸಲಿ, ಗಾಂಟ್ ಮನೆ ಇರುವುದು ಅಲ್ಲೇ. ಹದಿಮೂರರಲ್ಲಿ ಅನಾಥಾಲಯ ಬರುತ್ತದೆ, ಅದನ್ನು ಅವನು ಚಿತ್ರದಲ್ಲಿ ನೋಡಿದ್ದರೂ ಓದಲಿ, ಏಕೆಂದರೆ ಮೆರೋಪಿ ಲಾಕೆಟ್ ಮಾರುವ ಮಾತು ಅದೇ ಅಧ್ಯಾಯದ ಆರಂಭದಲ್ಲಿದೆ. ಹದಿನೇಳರಲ್ಲಿ ಮೆರೋಪಿಯ ಸೋದರ ಮಾರ್ಫಿನ್‌ನದೂ ಸ್ಲಗ್‌ಹಾರ್ನ್‌ನ ತಿದ್ದಿದ್ದೂ, ಇಪ್ಪತ್ತರಲ್ಲಿ ಹೆಪ್‌ಝಿಬಾ ಸ್ಮಿತ್‌ಳದೂ ವೋಲ್ಡೆಮಾರ್ಟ್ ಕೆಲಸ ಕೇಳಿಕೊಂಡು ಶಾಲೆಗೆ ಬಂದದ್ದೂ ಸಿಗುತ್ತವೆ. ಇಪ್ಪತ್ತಮೂರರಲ್ಲಿ ಡಂಬಲ್‌ಡೋರ್ ಎಲ್ಲವನ್ನೂ ಜೋಡಿಸಿ ಲೆಕ್ಕ ಒಪ್ಪಿಸುತ್ತಾರೆ. ಹದಿಮೂರರ ನಂತರ ಅವನು ಪುಸ್ತಕ ಕೆಳಗಿಡುವುದು ಕಷ್ಟ. ಪರೀಕ್ಷೆ ಹತ್ತಿರವಿದ್ದರೆ ಸ್ವಲ್ಪ ತಡೆದು ಕೊಡಿ.